ಕೆಲವೊಮ್ಮೆ ನೆಲವೂ ಡೊಂಕಿರುತ್ತೆ

ಪರೀಕ್ಷೆ ಮುಗಿಯಲು ಇನ್ನೂ ನಲವತ್ತು ನಿಮಿಷ ಬಾಕಿ ಇತ್ತು. ಉತ್ತರ ಗೊತ್ತಿತ್ತು. ಕೈ ಮಾತ್ರ ಬರೆಯಲಿಲ್ಲ.

ಅದು ಮೂರನೇ ಸೆಮಿಸ್ಟರ್‌ನ ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಪೇಪರ್. ತೊಲೆಯ ಮೇಲೆ ಭಾರ ಹೇರಿದರೆ ಅದು ಎಷ್ಟು ಬಾಗುತ್ತೆ ಅನ್ನೋ 20 ಅಂಕದ ಪ್ರಶ್ನೆ. ನಾನು ಎಡಗೈಯಲ್ಲಿ ಬರೆಯುವವಳು. ಆ ದಿನ ಎಡ ಮಣಿಕಟ್ಟಿನಿಂದ ಹೆಬ್ಬೆರಳ ಬುಡದವರೆಗೂ ಒಂದೇ ಉರಿ. ಪೆನ್ನು ಹಿಡಿದರೆ ಬೆರಳು ನಡುಗುತ್ತಿತ್ತು. ಪ್ರಶ್ನೆಯನ್ನು ಹಾಗೇ ಖಾಲಿ ಬಿಟ್ಟು ಎದ್ದು ಬಂದೆ. ಫಲಿತಾಂಶ ಬಂದಾಗ ಆ ಸಬ್ಜೆಕ್ಟ್ ಹೋಗಿತ್ತು. ಮನೆಯವರು ‘ಓದಲಿಲ್ಲ’ ಅಂದುಕೊಂಡರು. ಸ್ನೇಹಿತರು ‘ಬ್ಯಾಂಡ್ ಹುಚ್ಚು ಜಾಸ್ತಿ ಆಯ್ತು’ ಅಂದರು. ಎರಡರಲ್ಲೂ ಅರ್ಧ ಸತ್ಯ ಇದೆ. ಪೂರ್ತಿ ಸತ್ಯ ಇಷ್ಟು: ನಾಲ್ಕು ತಿಂಗಳು ನಾನು ಹೆಗಲಿಗೇರಿಸಿಕೊಂಡು ನುಡಿಸಿದ ಬೇಸ್ ಗಿಟಾರ್ ನನ್ನ ಕೈಯ ಅಳತೆಯದ್ದಾಗಿರಲಿಲ್ಲ. ಅದಕ್ಕೊಂದು ಅಳತೆ ಇರುತ್ತೆ ಅನ್ನೋದೇ, ಮೆಕ್ಯಾನಿಕಲ್ ಓದುತ್ತಿರುವ ನನಗೆ, ಹೊಳೆದಿರಲಿಲ್ಲ.

ಸಾಮಾನು ಕೊಳ್ಳುವಾಗ ನಾವೆಲ್ಲ ಮಾಡುವ ಒಂದು ತಪ್ಪಿನ ಬಗ್ಗೆ ಈ ಬರಹ. ನೀವು ಬೇಸ್ ನುಡಿಸದೇ ಇದ್ದರೂ ಓದಬಹುದು.

ಐದು ತಂತಿಯ ಮೋಹ

ಮೊದಲು ಬೇಸ್ ಗಿಟಾರ್ ಅಂದರೇನು ಅಂತ ಹೇಳಿಬಿಡ್ತೀನಿ. ಬ್ಯಾಂಡ್‌ನಲ್ಲಿ ಹಿಂದೆ ನಿಂತು ದಪ್ಪ ತಂತಿಗಳನ್ನು ಮೀಟುವವರನ್ನು ನೋಡಿರ್ತೀರಿ. ಫೋಟೋದಲ್ಲಿ ಅವರ ಅರ್ಧ ಮುಖ ಡ್ರಮ್ಸ್ ಮರೆಯಲ್ಲಿರುತ್ತೆ. ಅವರು ನುಡಿಸುವುದು ಮಂದ್ರ ಸ್ವರಗಳನ್ನು. ಡ್ರಮ್ಸ್‌ನ ಲಯಕ್ಕೂ ಹಾಡಿನ ರಾಗಕ್ಕೂ ನಡುವೆ ಗಂಟು ಹಾಕುವ ಕೆಲಸ ಅದು. ಇಳಯರಾಜ ಸಂಗೀತ ನೀಡಿದ ‘ಗೀತಾ’ (1981) ಚಿತ್ರದ ಹಾಡುಗಳನ್ನು ಒಮ್ಮೆ ಫೋನ್ ಸ್ಪೀಕರ್‌ನಲ್ಲಿ ಕೇಳಿ, ಆಮೇಲೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎರಡನೇ ಸಲ ಕೆಳಗಿನಿಂದ ಹೊಸದಾಗಿ ಏನು ಎದ್ದು ಬರುತ್ತೋ, ಅದೇ ಬೇಸ್.

ಸಾಮಾನ್ಯ ಬೇಸ್‌ಗೆ ನಾಲ್ಕು ತಂತಿ. ಐದು ತಂತಿಯ ಬೇಸ್‌ನಲ್ಲಿ ಅವುಗಳ ಕೆಳಗೆ ಇನ್ನೊಂದು ದಪ್ಪ ತಂತಿ ಇರುತ್ತೆ, ‘ಬಿ’ ತಂತಿ ಅಂತ. ನಮ್ಮ ಕಾಲೇಜಿಗೆ ಫೆಸ್ಟ್‌ಗೆ ಬರುವ ಬ್ಯಾಂಡ್‌ಗಳ ಬೇಸಿಸ್ಟ್‌ಗಳ ಕೈಯಲ್ಲಿ ನಾನು ನೋಡಿದ್ದೆಲ್ಲ ಐದು ತಂತಿಯದ್ದೇ. ‘ನಾಲ್ಕು ತಂತಿ ಕಲಿಯೋರಿಗೆ, ಐದು ತಂತಿ ಆಡೋರಿಗೆ’ ಅಂತ ಸೀನಿಯರ್ ಒಬ್ಬರು ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತು. ಆಗ ಲ್ಯಾಪ್‌ಟಾಪ್‌ಗೆ ಅಂತ ಅಮ್ಮ ಚೀಟಿ ಎತ್ತಿ ಕೊಟ್ಟಿದ್ದ ದುಡ್ಡು ಕೈಯಲ್ಲಿತ್ತು. ‘ಅಣ್ಣನ ಹಳೇ ಲ್ಯಾಪ್‌ಟಾಪೇ ಸಾಕಮ್ಮ, ಇನ್ನೂ ಎರಡು ವರ್ಷ ಬರುತ್ತೆ’ ಅಂತ ಒಪ್ಪಿಸಿದೆ. 32 ಸಾವಿರ ರೂಪಾಯಿ ಕೊಟ್ಟು ಹೊಳೆಯುವ ಕಪ್ಪು ಬಣ್ಣದ ಐದು ತಂತಿಯ ಬೇಸ್ ತಂದೆ. ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡು ನೋಡಿದ್ದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಫೋಟೋ ತೆಗೆಸಿಕೊಂಡಿದ್ದೆ.

ಇನ್ನೊಂದು ವಿಷಯ. ನಾನು ಎಡಚಳಾದರೂ ಬೇಸ್ ನುಡಿಸುವುದು ಬಲಗೈಯವರ ಹಾಗೆ. ಕಾಲೇಜಿನ ಮ್ಯೂಸಿಕ್ ರೂಮಿನಲ್ಲಿದ್ದದ್ದು ಬಲಗೈ ಬೇಸ್ ಮಾತ್ರ, ಕಲಿತದ್ದೂ ಅದರಲ್ಲೇ. ಹಾಗಾಗಿ ಬಲಗೈ ತಂತಿ ಮೀಟುತ್ತೆ, ಎಡಗೈ ನೆಕ್ ಹಿಡಿದು ತಂತಿ ಒತ್ತುತ್ತೆ. ಕಷ್ಟದ ಕೆಲಸವೆಲ್ಲ ನಾನು ಬರೆಯುವ ಕೈಗೇ ಬಿತ್ತು.

ಎರಡನೇ ತಿಂಗಳಲ್ಲಿ ನೋವು ಶುರುವಾಯಿತು. ‘ಅಭ್ಯಾಸ ಸಾಲದು’ ಅಂದರು. ಅಭ್ಯಾಸ ಜಾಸ್ತಿ ಮಾಡಿದೆ, ನೋವೂ ಜಾಸ್ತಿ ಆಯಿತು. ‘ಈ ನೆಕ್ ನನಗೆ ಯಾಕೋ ದಪ್ಪ ಅನ್ಸುತ್ತೆ’ ಅಂದಾಗ ಡ್ರಮ್ಸ್ ನುಡಿಸುವ ಗೆಳೆಯ ನಗುತ್ತಾ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ತೆತ್ತ ಬೆಲೆ ಒಂದು ಬ್ಯಾಕ್‌ಲಾಗ್.

ಚಪ್ಪಲಿಗೂ ನಂಬರ್ ಇರುತ್ತಲ್ಲ

ಪರೀಕ್ಷೆ ಮುಗಿದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರಿಗೆ ಸಂಗೀತದ ಗಂಧ ಇರಲಿಲ್ಲ. ‘ಹೇಗೆ ಹಿಡೀತೀಯಾ ತೋರಿಸಮ್ಮ’ ಅಂದರು. ಗಾಳಿಯಲ್ಲೇ ಹಿಡಿದು ತೋರಿಸಿದೆ. ಮಣಿಕಟ್ಟು ಪೂರ್ತಿ ಮಡಚಿಕೊಂಡಿತ್ತು, ಬೆರಳುಗಳು ಕಿತ್ತುಹೋಗುವ ಹಾಗೆ ಅಗಲವಾಗಿದ್ದವು. ಅವರು ಒಂದು ನಿಮಿಷ ನೋಡಿ ಕೇಳಿದ್ದು ಇಷ್ಟೇ: ‘ಇದಕ್ಕೆ ಸೈಜ್ ಅಂತ ಇರಲ್ವಾ? ಚಪ್ಪಲಿಗೂ ನಂಬರ್ ಇರುತ್ತಲ್ಲ!’

ಬಸ್ಸಿನಲ್ಲಿ ವಾಪಸ್ ಬರುವಾಗ ನಾಚಿಕೆ ಆಯಿತು. ಮೆಟ್ರಾಲಜಿ ಲ್ಯಾಬಿನಲ್ಲಿ ಸ್ಟೀಲ್ ತುಂಡಿನ ದಪ್ಪವನ್ನು ಮಿಲಿಮೀಟರಿನ ಐವತ್ತನೇ ಒಂದು ಭಾಗದವರೆಗೆ ಅಳೆದು ರೆಕಾರ್ಡ್ ಬರೆಯುತ್ತೇವೆ. ಆದರೆ 32 ಸಾವಿರದ ವಸ್ತುವನ್ನು ಕಣ್ಣಳತೆಯಲ್ಲಿ ತಂದಿದ್ದೆ. ಮಾರನೇ ದಿನವೇ ಲ್ಯಾಬ್ ಅಟೆಂಡರ್ ಅಣ್ಣನ ಹತ್ತಿರ ಕೇಳಿ ವರ್ನಿಯರ್ ಕ್ಯಾಲಿಪರ್ ತಂದು ನನ್ನ ಬೇಸ್ ಅಳೆದೆ.

ನೆಕ್‌ನ ತುದಿಯಲ್ಲಿ, ತಂತಿಗಳು ಹಾದುಹೋಗುವ ಗಾಡಿಗಳಿರುವ ಸಣ್ಣ ಪಟ್ಟಿಗೆ ‘ನಟ್’ ಅಂತಾರೆ. ನನ್ನ ಬೇಸ್‌ನ ನಟ್ ಅಗಲ 47 ಮಿ.ಮೀ. ಇನ್ನೊಂದು ತುದಿಯ ಬ್ರಿಡ್ಜ್‌ನಲ್ಲಿ ಒಂದು ತಂತಿಯಿಂದ ಪಕ್ಕದ ತಂತಿಗೆ 19 ಮಿ.ಮೀ. ಅಂದರೆ ಮೊದಲ ತಂತಿಯಿಂದ ಐದನೆಯದರವರೆಗೆ 76 ಮಿ.ಮೀ. ಇದೇ ಅಂತರದ ನಾಲ್ಕು ತಂತಿಯ ಬೇಸ್‌ನಲ್ಲಿ ಅದು 57 ಮಿ.ಮೀ. ಅಷ್ಟೇ. ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದಕ್ಕೆ ‘ಸ್ಕೇಲ್’ ಅಂತ ಹೆಸರು. ನನ್ನದು 35 ಇಂಚು. ಮಾಮೂಲಿ ಬೇಸ್‌ನದು 34 ಇಂಚು. 30 ಇಂಚಿನ ‘ಶಾರ್ಟ್ ಸ್ಕೇಲ್’ ಬೇಸ್‌ಗಳೂ ಇವೆ.

ಒಂದೆರಡು ಇಂಚಿನಲ್ಲಿ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್‌ಗಳು. ಒಂದೊಂದು ಫ್ರೆಟ್‌ಗೂ ತಂತಿಯ ಉದ್ದ 2ರ ಹನ್ನೆರಡನೇ ಮೂಲದಷ್ಟು ಭಾಗವಾಗುತ್ತಾ ಹೋಗುತ್ತೆ. ಇದರಿಂದ ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗಿರುವ ದೂರ, ಯಾವ ಬೇಸ್ ಆದರೂ ಸರಿ, ಸ್ಕೇಲ್‌ನ ಶೇ 15ರಷ್ಟು. 35 ಇಂಚಿನ ಬೇಸ್‌ನಲ್ಲಿ ಇದು 13.3 ಸೆಂ.ಮೀ., 34 ಇಂಚಿನದರಲ್ಲಿ 13 ಸೆಂ.ಮೀ., 30 ಇಂಚಿನದರಲ್ಲಿ 11.4 ಸೆಂ.ಮೀ. ‘ಒಂದು ಬೆರಳಿಗೆ ಒಂದು ಫ್ರೆಟ್’ ಅಂತ ಕಲಿಸಿದ್ದರು ನನಗೆ. ಆದರೆ ನನ್ನ ತೋರುಬೆರಳನ್ನೂ ಕಿರುಬೆರಳನ್ನೂ ಎಷ್ಟು ಚಾಚಿದರೂ ಅವುಗಳ ನಡುವೆ ಆಗುವುದು 12 ಸೆಂ.ಮೀ. ಉಳಿದ 1.3 ಸೆಂ.ಮೀ. ಎಲ್ಲಿಂದ ಬರಬೇಕು? ಮಣಿಕಟ್ಟು ತಿರುಚಿಕೊಂಡೇ ಬರಬೇಕು. ನಾಲ್ಕು ತಿಂಗಳು, ದಿನಕ್ಕೆ ಎರಡು ಗಂಟೆ ನಾನು ಮಾಡಿದ್ದು ಅದನ್ನೇ.

ಡೊಂಕು ಎಲ್ಲಿತ್ತು ಅಂತ ಈಗ ಅಂಕಿಯಲ್ಲಿ ಗೊತ್ತಾಯಿತು.

ದೊಡ್ಡವರು ಏನು ಮಾಡಿದರು

ಬೇಸ್ ಗಿಟಾರ್ ಹುಟ್ಟಿದ್ದೇ ಮನುಷ್ಯರ ಅನುಕೂಲಕ್ಕೆ. ಅದಕ್ಕೂ ಮೊದಲು ಬೇಸ್ ಅಂದರೆ ಆಳೆತ್ತರದ ಡಬಲ್ ಬೇಸ್. ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಊರೂರು ತಿರುಗಬೇಕಿತ್ತು. ಫ್ರೆಟ್ ಇಲ್ಲದ್ದರಿಂದ ಸ್ವರ ಸ್ವಲ್ಪ ಜಾರಿದರೂ ಅಪಶ್ರುತಿ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತಂದ ಬೇಸ್‌ಗೆ ‘ಪ್ರಿಸಿಷನ್’ ಅಂತ ಹೆಸರಿಟ್ಟಿದ್ದೇ ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತೆ ಅಂತ. ಅದರ 34 ಇಂಚಿನ ಸ್ಕೇಲ್ ಇಂದಿಗೂ ರೂಢಿಯಲ್ಲಿದೆ. 1960ರಲ್ಲಿ ಅದೇ ಕಂಪನಿ ‘ಜಾಝ್ ಬೇಸ್’ ತಂದಾಗ ನಟ್ ಅಗಲವನ್ನು ಒಂದೂವರೆ ಇಂಚಿಗೆ, ಅಂದರೆ 38 ಮಿ.ಮೀ.ಗೆ ಇಳಿಸಿತು. ಬೇರೆ ಕೈಗಳಿಗೆ ಬೇರೆ ನೆಕ್ ಬೇಕು ಅನ್ನೋದು ತಯಾರಿಸಿದವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು.

ನುಡಿಸಿದವರಿಗೂ ಗೊತ್ತಿತ್ತು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನನ್ನ ಹಾಗೆ ಎಡಚರು. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅವರು ಕೊಂಡದ್ದು ಪಿಟೀಲಿನ ಆಕಾರದ ಹಾಫ್ನರ್ ಬೇಸ್. ಎರಡೂ ಬದಿ ಒಂದೇ ಥರ ಇರುವುದರಿಂದ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣಲ್ಲ ಅನ್ನೋದು ಒಂದು ಕಾರಣ. ಬೆಲೆ ಕೈಗೆಟುಕುವಂತಿತ್ತು ಅನ್ನೋದು ಇನ್ನೊಂದು. ಅದು 30 ಇಂಚಿನ ಶಾರ್ಟ್ ಸ್ಕೇಲ್. ನಮ್ಮ ಹುಡುಗರು ‘ಮಕ್ಕಳ ಬೇಸ್’ ಅಂತ ಆಡಿಕೊಳ್ಳುವುದು ಇದನ್ನೇ! ಶಾರ್ಟ್ ಸ್ಕೇಲ್ ಕೈ ಚಿಕ್ಕವರಿಗೆ ಮಾತ್ರ ಅಂತಲೂ ತಿಳಿಯಬೇಡಿ. ಡಬಲ್ ಬೇಸ್ ಅನ್ನೇ ಲೀಲಾಜಾಲವಾಗಿ ನುಡಿಸುವ, ಎತ್ತರದ ಆಳು ಸ್ಟ್ಯಾನ್ಲಿ ಕ್ಲಾರ್ಕ್ ಕೂಡ ವರ್ಷಾನುಗಟ್ಟಲೆ ಶಾರ್ಟ್ ಸ್ಕೇಲ್ ಬೇಸ್ ನುಡಿಸಿದವರು. ಉದ್ದ ಬೆರಳುಗಳ ಜಾಕೋ ಪಾಸ್ಟೋರಿಯಸ್ ಆರಿಸಿಕೊಂಡದ್ದು 1962ರ ಜಾಝ್ ಬೇಸ್‌ನ ತೆಳು ನೆಕ್. ಅದರ ಫ್ರೆಟ್‌ಗಳನ್ನೂ ಕಿತ್ತುಹಾಕಿ ತಮಗೆ ಬೇಕಾದ ಹಾಗೆ ಮಾಡಿಕೊಂಡರು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಆರು ತಂತಿಯ ಬೇಸ್‌ನ ಕಲ್ಪನೆ ಆ್ಯಂಟನಿ ಜಾಕ್ಸನ್ ಅವರದು. 1975ರಲ್ಲಿ ಕಾರ್ಲ್ ಥಾಂಪ್ಸನ್ ಅದನ್ನು ಮಾಡಿಕೊಟ್ಟಾಗ, ತಂತಿಗಳು ತೀರಾ ಒತ್ತೊತ್ತಾಗಿವೆ ಅನ್ನೋದು ಜಾಕ್ಸನ್ ದೂರಾಗಿತ್ತು. ಅವರಿಗೆ ಬೇಕಿದ್ದದ್ದು ಇನ್ನೂ ಅಗಲ. ಹೆಬ್ಬೆರಳಿನಿಂದ ತಂತಿಗೆ ಬಡಿದು, ಇನ್ನೊಂದು ಬೆರಳಿನಿಂದ ಎಳೆದು ಬಿಡುವ ‘ಸ್ಲ್ಯಾಪ್’ ಶೈಲಿಯವರಿಗೂ ಬೆರಳು ತೂರಲು ಜಾಗ ಬೇಕು, ಅವರಿಗೆ 19 ಮಿ.ಮೀ. ಇಷ್ಟ. ಐದು ತಂತಿಯಲ್ಲೇ 16.5 ಮಿ.ಮೀ. ಅಂತರದವೂ ಸಿಗುತ್ತವೆ. ಯಾವುದು ಸರಿ, ಯಾವುದು ತಪ್ಪು ಅಂತಿಲ್ಲ. ಆದರೆ ಇವರಲ್ಲಿ ಒಬ್ಬರೂ ‘ಬೇಸ್ ಸರಿಯಾಗೇ ಇದೆ, ನನ್ನ ಕೈಯೇ ತಪ್ಪು’ ಅಂದುಕೊಳ್ಳಲಿಲ್ಲ.

ನಾವು ಮಾತ್ರ ಹಾಗಂದುಕೊಳ್ಳುತ್ತೇವೆ. ಹುಡುಗಿಯರಿಗೆ ಹಾಗೆ ಹೇಳಲಾಗುತ್ತೆ ಕೂಡ. ಇದನ್ನು ನಂಬುವವರು ಕ್ಯಾರಲ್ ಕೇ ಹೆಸರು ಕೇಳಬೇಕು. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಆಕೆ 1963ರಲ್ಲಿ ಒಂದು ದಿನ, ಬರಬೇಕಿದ್ದ ಬೇಸಿಸ್ಟ್ ಬಾರದಿದ್ದಾಗ ಬೇಸ್ ಎತ್ತಿಕೊಂಡರು. ಆಮೇಲೆ ಅಮೆರಿಕದ ಅಸಂಖ್ಯ ಹಾಡುಗಳ ಅಡಿಪಾಯ ಅವರದೇ ಆಯಿತು. ನಮ್ಮಲ್ಲೂ ಮುಂಬೈನ ಮೋಹಿನಿ ಡೇ ಇದ್ದಾರೆ, ಚಿಕ್ಕ ವಯಸ್ಸಿನಲ್ಲೇ ಜಗತ್ತಿನ ವೇದಿಕೆಗಳಲ್ಲಿ ನುಡಿಸಿದವರು. ‘ಬೇಸ್ ಹುಡುಗಿಯರ ವಾದ್ಯ ಅಲ್ಲ’ ಅನ್ನುವ ಮಾತಿಗೆ ಇಷ್ಟು ಉತ್ತರ ಸಾಕು.

ಯಾರಿಗೂ ಕೇಳಿಸದ ತಂತಿ

ಕೈ ನೋವಿನ ಕಥೆ ಒಂದು ಕಡೆ. ಇನ್ನೊಂದು ತಮಾಷೆ ಕೇಳಿ. ನಾನು ದುಡ್ಡು ಸುರಿದು ತಂದ ಆ ಐದನೇ ತಂತಿ ಯಾರಿಗೂ ಕೇಳಿಸುತ್ತಲೇ ಇರಲಿಲ್ಲ!

ಬೇಸ್‌ನ ‘ಇ’ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತೆ, ಅಂದರೆ 41 ಹರ್ಟ್ಸ್. ಐದನೆಯ ‘ಬಿ’ ತಂತಿ 31 ಹರ್ಟ್ಸ್. ನಮ್ಮ ಮ್ಯೂಸಿಕ್ ರೂಮಿನಲ್ಲಿದ್ದದ್ದು ಮನೆಯಲ್ಲಿ ಪ್ರಾಕ್ಟೀಸ್ ಮಾಡುವಂಥ 15 ವಾಟ್‌ನ ಗಿಟಾರ್ ಆ್ಯಂಪ್, ಅದರೊಳಗೆ 8 ಇಂಚಿನ ಒಂದು ಸ್ಪೀಕರ್. 31 ಹರ್ಟ್ಸ್ ಸದ್ದು ಹೊರಗೆ ಬರಬೇಕಾದರೆ ಸ್ಪೀಕರ್ ರಾಶಿ ಗಾಳಿಯನ್ನು ತಳ್ಳಬೇಕು. ಆ ಪುಟ್ಟ ಡಬ್ಬಿಗೆ ಅದನ್ನು ಕೇಳುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕೊಟ್ಟ ಹಾಗೆ. ಅದರಿಂದ ಹೊರಬರುತ್ತಿದ್ದದ್ದು ಮೇಲಿನ ಅನುಸ್ವರಗಳು ಮಾತ್ರ. ನಮ್ಮ ಮಿದುಳು ಬಲು ಜಾಣ. ಅನುಸ್ವರಗಳನ್ನು ಕೇಳಿಯೇ ಮೂಲ ಸ್ವರವನ್ನು ಊಹಿಸಿಕೊಳ್ಳುತ್ತೆ. ಫೋನ್ ಸ್ಪೀಕರ್‌ನಲ್ಲೂ ಬೇಸ್ ಅಷ್ಟೋ ಇಷ್ಟೋ ‘ಕೇಳಿಸಿದ’ ಹಾಗಾಗುವುದು ಇದರಿಂದಲೇ. ಆದರೆ ಪಕ್ಕದಲ್ಲಿ ಡ್ರಮ್ಸ್ ಶುರುವಾದರೆ ಆ ಊಹೆಯೂ ಮಾಯ.

ನಮ್ಮ ಕಿವಿಯೂ ಮಂದ್ರಕ್ಕೆ ಮಂದ. ಫ್ಲೆಚರ್ ಮತ್ತು ಮನ್ಸನ್ ಅನ್ನುವವರು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಮಧ್ಯದ ಸ್ವರಗಳಷ್ಟೇ ಜೋರಾಗಿ ಮಂದ್ರ ಸ್ವರ ಕೇಳಿಸಬೇಕಾದರೆ ಅದಕ್ಕೆ ಎಷ್ಟೋ ಹೆಚ್ಚು ಶಕ್ತಿ ಬೇಕು. ವಾಟ್‌ನ ಲೆಕ್ಕವೂ ನಾವಂದುಕೊಂಡ ಹಾಗಿಲ್ಲ. ವಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. 30 ವಾಟ್‌ನ ಒಳ್ಳೆ ವಾಲ್ವ್ ಆ್ಯಂಪ್ ಇಟ್ಟುಕೊಂಡು ಗಿಟಾರಿಸ್ಟ್ ಡ್ರಮ್ಸ್ ಎದುರು ಆರಾಮಾಗಿ ನಿಲ್ಲಬಹುದು. ಬೇಸಿಸ್ಟ್‌ಗೆ ಅದೇ ಜಾಗದಲ್ಲಿ 200-300 ವಾಟ್ ಬೇಕೆನಿಸುವುದು ಇದಕ್ಕೇ. 1969ರಲ್ಲಿ ಬಂದ ಆ್ಯಂಪೆಗ್ ಎಸ್‌ವಿಟಿ ಆ್ಯಂಪ್ 300 ವಾಟ್‌ನದು, ಅದರ ಜೊತೆಗೆ 10 ಇಂಚಿನ ಎಂಟು ಸ್ಪೀಕರ್‌ಗಳ, ಫ್ರಿಜ್ಜಿನಂಥ ಪೆಟ್ಟಿಗೆ! ಆ ಕಾಲದ ಆ್ಯಂಪ್ ಎತ್ತಲು ಇಬ್ಬರು ಬೇಕಿತ್ತು. ಇವತ್ತಿನ ‘ಕ್ಲಾಸ್ ಡಿ’ ಆ್ಯಂಪ್‌ಗಳು ಅಷ್ಟೇ ವಾಟ್ ಕೊಟ್ಟೂ ಕಾಲೇಜ್ ಬ್ಯಾಗಿನಲ್ಲಿ ಕೂರುತ್ತವೆ.

ಆದರೆ ಕಾಲೇಜ್ ಬ್ಯಾಂಡ್‌ಗೆ 300 ವಾಟ್ ಬೇಕೇ ಬೇಕು ಅಂತಿಲ್ಲ. ಫೆಸ್ಟ್ ದಿನ ಸೌಂಡ್‌ನವರು ದೊಡ್ಡ ಸ್ಪೀಕರ್‌ಗಳನ್ನು ತಂದೇ ತರುತ್ತಾರೆ. ‘ಡಿಐ ಬಾಕ್ಸ್’ ಅನ್ನುವ ಅಂಗೈಯಗಲದ ಡಬ್ಬಿಯ ಮೂಲಕ ಬೇಸ್‌ನ ಸಿಗ್ನಲ್ಲನ್ನು ನೇರವಾಗಿ ಅವರ ಮಿಕ್ಸರ್‌ಗೆ ಕೊಟ್ಟರೆ ಕೆಲಸ ಆಯಿತು. ಅಭ್ಯಾಸಕ್ಕೆ 12 ಅಥವಾ 15 ಇಂಚಿನ ಸ್ಪೀಕರ್ ಇರುವ 100 ವಾಟ್‌ನ ಬೇಸ್ ಆ್ಯಂಪ್ ಇದ್ದರೆ ಡ್ರಮ್ಸ್ ಹುಡುಗ ಸ್ವಲ್ಪ ಕೈ ಹಿಡಿದು ಬಾರಿಸಿದಾಗ ಕೇಳಿಸುತ್ತೆ. ಗಿಟಾರ್ ಆ್ಯಂಪ್‌ಗೆ ಬೇಸ್ ಹಾಕಿ ಜೋರು ಮಾಡಬೇಡಿ, ಸ್ಪೀಕರ್ ಹರಿಯುತ್ತೆ. ಸ್ಪೀಕರ್ ಮೇಲೆ ಸ್ಪೀಕರ್ ಜೋಡಿಸುವಾಗ ಪಿಯುಸಿಯಲ್ಲಿ ಓದಿದ ಪ್ಯಾರಲಲ್ ಸರ್ಕ್ಯೂಟ್ ನೆನಪಿಸಿಕೊಳ್ಳಿ. 8 ಓಮ್‌ನ ಎರಡು ಸ್ಪೀಕರ್ ಪೆಟ್ಟಿಗೆ ಸೇರಿದರೆ 4 ಓಮ್. ಆ್ಯಂಪ್ ಹಿಂದೆ ‘ಕನಿಷ್ಠ 4 ಓಮ್’ ಅಂತ ಬರೆದಿದ್ದರೆ ಮೂರನೇ ಪೆಟ್ಟಿಗೆ ಹಾಕುವುದು ಅಂದರೆ ಆ್ಯಂಪ್ ಸುಡುವುದು ಅಂತಲೇ ಅರ್ಥ.

ಕಳೆದ ವರ್ಷ ನಮ್ಮ ಬ್ಯಾಂಡ್ ಅಭ್ಯಾಸ ಮಾಡಿದ ಹಾಡುಗಳ ಪಟ್ಟಿ ತೆಗೆದು ನೋಡಿದೆ. ಹದಿನಾಲ್ಕು ಹಾಡಿನಲ್ಲಿ ಐದನೇ ತಂತಿ ಬೇಕಾದದ್ದು ಎರಡರಲ್ಲಿ ಮಾತ್ರ. ಉಳಿದ ಹನ್ನೆರಡರಲ್ಲಿ ಅದು ಹೆಬ್ಬೆರಳು ಇಡಲು ಒಳ್ಳೇ ಜಾಗವಾಗಿತ್ತು.

ಆ ಕಡೆಯ ಮಾತೂ ನಿಜ

ಐದು ತಂತಿ ದಂಡ ಅಂತ ನಾನು ಹೇಳ್ತಿಲ್ಲ. ಇವತ್ತಿನ ಎಷ್ಟೋ ಹಾಡುಗಳಲ್ಲಿ ಕೀಬೋರ್ಡ್‌ನಿಂದ ಮಾಡಿದ ಬೇಸ್ ‘ಇ’ಗಿಂತ ಕೆಳಗೆ ಇಳಿಯುತ್ತೆ. ಗಾಯಕರ ಶ್ರುತಿಗೆ ತಕ್ಕಂತೆ ಹಾಡನ್ನು ಕೆಳಗಿಳಿಸಿದಾಗಲೂ ಐದನೇ ತಂತಿ ಕೈ ಹಿಡಿಯುತ್ತೆ. ದಿನವೂ ಬೇರೆ ಬೇರೆಯವರ ಜೊತೆ ನುಡಿಸಿ ಹೊಟ್ಟೆ ಹೊರೆಯುವವರಿಗೆ ಅದು ಬೇಕು. 35 ಇಂಚಿನ ಸ್ಕೇಲ್ ಕೂಡ ಸುಮ್ಮನೆ ಬಂದದ್ದಲ್ಲ. ಉದ್ದ ಹೆಚ್ಚಾದರೆ ಅದೇ ಸ್ವರಕ್ಕೆ ತಂತಿಯನ್ನು ಇನ್ನಷ್ಟು ಬಿಗಿಯಬೇಕು, ಆಗ ‘ಬಿ’ ತಂತಿ ಜೋಲದೆ ಸ್ಪಷ್ಟವಾಗಿ ನುಡಿಯುತ್ತೆ. ಶಾರ್ಟ್ ಸ್ಕೇಲ್‌ನಲ್ಲಿ ತಂತಿ ಸಡಿಲ, ನಾದ ಸ್ವಲ್ಪ ಗುಂಡಗೆ. ಅದು ಎಲ್ಲರಿಗೂ ಹಿಡಿಸಬೇಕಿಲ್ಲ.

ನನ್ನದೇ ತಪ್ಪೂ ಇತ್ತು. ಸ್ಟೈಲ್‌ಗೆ ಅಂತ ಪಟ್ಟಿ ಉದ್ದ ಬಿಟ್ಟು ಬೇಸ್ ಅನ್ನು ತೊಡೆಯ ಹತ್ತಿರ ನೇತುಹಾಕಿಕೊಳ್ಳುತ್ತಿದ್ದೆ. ಅದು ಕೆಳಗಿಳಿದಷ್ಟೂ ಮಣಿಕಟ್ಟು ಮಡಚುತ್ತೆ. ಡಬಲ್ ಬೇಸ್‌ನವರು ಹಿಂದಿನಿಂದಲೂ ಬಳಸುವ ಸಿಮಾಂಡ್ಲ್ ಪದ್ಧತಿ ಒಂದಿದೆ. ನೆಕ್‌ನ ಆರಂಭದ ಭಾಗದಲ್ಲಿ ನಾಲ್ಕು ಫ್ರೆಟ್ ಬದಲು ಮೂರನ್ನೇ ಹಿಡಿಯುವುದು, ಉಂಗುರ ಬೆರಳು ಕಿರುಬೆರಳಿಗೆ ಆಸರೆಯಾಗುವುದು. ಹೀಗೆ ಮಾಡಿದರೆ 34 ಇಂಚಿನಲ್ಲೂ ಚಾಚಬೇಕಾದದ್ದು 9 ಸೆಂ.ಮೀ. ಮಾತ್ರ. ಇದನ್ನು ಮೊದಲೇ ಕಲಿತಿದ್ದರೆ ಅರ್ಧ ನೋವು ತಪ್ಪುತ್ತಿತ್ತು. ಹಾಗಾಗಿ ‘ಕುಣಿಯಲಾರದವಳು’ ಅನ್ನೋದೂ ಸ್ವಲ್ಪ ನಿಜ. ಆದರೆ ನೆಲ ಡೊಂಕಾಗಿದೆಯೋ ಇಲ್ಲವೋ ಅಂತ ನೋಡದೆ ಕುಣಿಯುವವಳನ್ನೇ ಬೈಯುವುದು ಎಂಜಿನಿಯರ್ ಆಗಹೊರಟವರಿಗೆ ಶೋಭೆಯಲ್ಲ.

‘ನಾದ ಇರೋದು ಬೆರಳಲ್ಲಿ, ಸಾಮಾನಿನಲ್ಲಲ್ಲ’ ಅನ್ನುವವರೂ ಇದ್ದಾರೆ. ಅವರು ಕೊಡುವ ಉದಾಹರಣೆ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್. ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದರು, ತಂತಿ ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ. ಒಪ್ಪಿದೆ. ಆದರೆ ನಾದ ಬೆರಳಲ್ಲಿದೆ ಅಂದಮೇಲೆ ಮೊದಲು ಬೆರಳು ಉಳಿಯಬೇಕಲ್ಲವೇ?

ಕೊಳ್ಳುವ ಮುನ್ನ

ಆ ಬೇಸ್ ಅನ್ನು 21 ಸಾವಿರಕ್ಕೆ ಮಾರಿದೆ. 30 ಇಂಚಿನ, ನಾಲ್ಕು ತಂತಿಯ ಒಂದು ಹಳೇ ಬೇಸ್ ಹುಡುಕಿ 11 ಸಾವಿರಕ್ಕೆ ಕೊಂಡೆ. ಅದರ ನೆಕ್ ಬಾಗಿ ತಂತಿಗಳು ಎತ್ತರಕ್ಕೆ ನಿಂತಿದ್ದವು. ಬೇಸ್‌ನ ನಾಲ್ಕು ತಂತಿ ಸೇರಿ ನೆಕ್ ಅನ್ನು ಹೆಚ್ಚುಕಡಿಮೆ 80 ಕೆ.ಜಿ. ಬಲದಲ್ಲಿ ಎಳೆಯುತ್ತವೆ. ಅದಕ್ಕೆ ಎದುರಾಗಿ ನಿಲ್ಲುವುದು ನೆಕ್‌ನೊಳಗಿನ ಉಕ್ಕಿನ ಸರಳು, ‘ಟ್ರಸ್ ರಾಡ್’. ಮಳೆಗಾಲದಲ್ಲಿ ಮರ ತೇವ ಹೀರಿಕೊಂಡಾಗ ಈ ಬ್ಯಾಲೆನ್ಸ್ ತಪ್ಪುತ್ತೆ. ರಿಪೇರಿಯವರು ಕೀಲಿಯಿಂದ ಅದನ್ನು ಕಾಲು ಸುತ್ತು ತಿರುಗಿಸಿ, ಬ್ರಿಡ್ಜ್ ಇಳಿಸಿ, ಒಂದೂವರೆ ಗಂಟೆಯಲ್ಲಿ 800 ರೂಪಾಯಿಗೆ ಬೇರೆಯದೇ ಬೇಸ್ ಮಾಡಿಕೊಟ್ಟರು. ಪರೀಕ್ಷೆಯಲ್ಲಿ ನಾನು ಖಾಲಿ ಬಿಟ್ಟು ಬಂದ ಆ ಬಾಗುವ ತೊಲೆಯ ಪ್ರಶ್ನೆ ಕಣ್ಣೆದುರು ಮೇಜಿನ ಮೇಲೆ ಮಲಗಿತ್ತು! ಮುಂದಿನ ಸಲ ಆ ಸಬ್ಜೆಕ್ಟ್ ಪಾಸಾದೆ. ಬ್ಯಾಕ್‌ಲಾಗ್ ಬಾಕಿ ಇದ್ದರೆ ಕ್ಯಾಂಪಸ್‌ಗೆ ಬರುವ ಕೆಲವು ಕಂಪನಿಗಳು ಅರ್ಜಿಯನ್ನೇ ತೆಗೆದುಕೊಳ್ಳಲ್ಲ ಅನ್ನೋದು ನಿಮಗೂ ಗೊತ್ತು, ಹಾಗಾಗಿ ಬಚಾವಾದೆ ಅಂತಲೇ ಹೇಳಬೇಕು.

ನಿಮಗೆ ನಾಲ್ಕು ಮಾತು. ಅಂಗಡಿಗೆ ಹೋಗುವಾಗ ಸ್ಕೇಲ್ ಪಟ್ಟಿ ತಗೊಂಡು ಹೋಗಿ. ನಿಮ್ಮ ಬೆರಳು ಆರಾಮಾಗಿ ಎಷ್ಟು ಚಾಚುತ್ತೆ ಅಂತ ಮನೆಯಲ್ಲೇ ಅಳೆದಿಡಿ. ಬೇಸ್‌ನ ಸ್ಕೇಲ್, ನಟ್ ಅಗಲ, ತಂತಿಗಳ ಅಂತರ, ಈ ಮೂರನ್ನೂ ಕೇಳಿ. ‘ಎಲ್ಲಾ ಒಂದೇ ಮೇಡಂ’ ಅಂದರೆ ನೀವೇ ಅಳೆಯಿರಿ. ಕೂತು ಅಲ್ಲ, ನಿಂತು ಹದಿನೈದು ನಿಮಿಷ ನುಡಿಸಿ. ತೂಕ ಹೆಗಲಿಗೆ ಗೊತ್ತಾಗುವುದು ಹತ್ತು ನಿಮಿಷದ ನಂತರ. ಬ್ಯಾಟರಿ ಹಾಕುವ ‘ಆ್ಯಕ್ಟಿವ್’ ಬೇಸ್ ಕೊಂಡರೆ, ಮನೆಗೆ ಬಂದ ಮೇಲೆ ಕೇಬಲ್ ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ 9 ವೋಲ್ಟ್ ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗಿ ವೇದಿಕೆ ಮೇಲೆ ಮಾನ ಕಳೆಯುತ್ತೆ. ಇರುವ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಆ್ಯಂಪ್‌ಗೂ ಸೆಟಪ್‌ಗೂ ಮೊದಲೇ ಎತ್ತಿಡಿ. ಎಲ್ಲಕ್ಕಿಂತ ಮುಖ್ಯ: ನೋವಾದರೆ ನಿಲ್ಲಿಸಿ. ಅದು ಸೋಮಾರಿತನ ಅಲ್ಲ.

ಶನಿವಾರದ ಸಭೆ

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ವರ್ಷ ನಮ್ಮ ಮ್ಯೂಸಿಕ್ ಕ್ಲಬ್‌ಗೆ ಕಾಲೇಜಿನಿಂದ 45 ಸಾವಿರ ರೂಪಾಯಿ ಬಂದಿದೆ. ಕ್ಲಬ್‌ನ ಹೆಚ್ಚಿನವರ ಆಸೆ, ಅಷ್ಟೂ ದುಡ್ಡು ಹಾಕಿ ಒಂದು ದೊಡ್ಡ ಐದು ತಂತಿಯ ಬೇಸ್ ತರಬೇಕು ಅಂತ. ‘ಫೋಟೋದಲ್ಲಿ ಏನ್ ಗತ್ತು ಇರುತ್ತೆ ಗೊತ್ತಾ!’ ಗೊತ್ತು. ನನ್ನ ಫೋನಿನಲ್ಲಿ ಇನ್ನೂ ಆ ಫೋಟೋ ಇದೆ.

ಹೋದ ತಿಂಗಳು ಮೊದಲ ವರ್ಷದ ಹುಡುಗಿಯೊಬ್ಬಳು ಕ್ಲಬ್‌ಗೆ ಬಂದಳು. ಬೇಸ್ ಕಲಿಯಬೇಕು ಅಂದಳು. ರೂಮಿನಲ್ಲಿದ್ದ ಬೇಸ್ ಎತ್ತಿಕೊಂಡಳು, ಮೊದಲ ಫ್ರೆಟ್‌ವರೆಗೆ ಕೈ ಚಾಚುವಷ್ಟರಲ್ಲಿ ಹೆಗಲು ವಾಲಿತು. ‘ನಿನ್ ಕೈ ಚಿಕ್ಕದು ಪುಟ್ಟಾ, ಕೀಬೋರ್ಡ್ ತಗೋ’ ಅಂದರು ಯಾರೋ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳು ತಲೆಯಾಡಿಸಿ ಬೇಸ್ ಕೆಳಗಿಟ್ಟಳು. ಅವಳ ಮುಖ ನೋಡಿದಾಗ ಅವತ್ತು ನಾನೂ ಎಲ್ಲರ ಜೊತೆ ಸೇರಿ ನಕ್ಕಿದ್ದು ನೆನಪಾಯಿತು. ಮಾರನೇ ದಿನ ನನ್ನ ಹಳೇ ಶಾರ್ಟ್ ಸ್ಕೇಲ್ ಬೇಸ್ ಅವಳ ಕೈಗಿಟ್ಟೆ. ಮೂರು ವಾರದಲ್ಲಿ ಎರಡು ಹಾಡು ಕಲಿತಿದ್ದಾಳೆ. ಲಯ ನನಗಿಂತ ಗಟ್ಟಿ.

ಸಾರ್ವಜನಿಕ ದುಡ್ಡಿನಲ್ಲಿ ಕೊಳ್ಳುವ ವಸ್ತು ಒಬ್ಬರ ಕೈಗೆ, ಒಬ್ಬರ ಗತ್ತಿಗೆ ತಕ್ಕಂತೆ ಇರಬಾರದು ಅನ್ನೋದು ನನ್ನ ವಾದ. 38 ಮಿ.ಮೀ. ನಟ್‌ನ, ನಾಲ್ಕು ತಂತಿಯ ಒಂದು ಸಾಧಾರಣ ಬೇಸ್, 100 ವಾಟ್‌ನ ಒಂದು ಸೆಕೆಂಡ್ ಹ್ಯಾಂಡ್ ಆ್ಯಂಪ್, ಒಂದು ಡಿಐ ಬಾಕ್ಸ್, ಒಳ್ಳೇ ಸೆಟಪ್. 45 ಸಾವಿರದಲ್ಲಿ ಇಷ್ಟೂ ಬರುತ್ತೆ, ಬೆಲೆ ವಿಚಾರಿಸಿ ಬಂದಿದ್ದೇನೆ. ನಾವು ಪಾಸಾಗಿ ಹೋದ ಮೇಲೆ ಬರುವ ಉದ್ದ ಕೈಯವರೂ ಅದನ್ನು ನುಡಿಸಬಹುದು, ಗಿಡ್ಡ ಕೈಯವರೂ ನುಡಿಸಬಹುದು, ಕೇಳುವವರಿಗೆ ಕೇಳಿಸಲೂಬಹುದು.

ಬರುವ ಶನಿವಾರ ಸಭೆ ಇದೆ. ಮತಕ್ಕೆ ಹಾಕಿದರೆ ನಾನು ಸೋಲಬಹುದು, ಐದು ತಂತಿಯ ಪಕ್ಷವೇ ದೊಡ್ಡದು. ಆದರೂ ಲ್ಯಾಬ್ ಅಟೆಂಡರ್ ಅಣ್ಣನಿಗೆ ಹೇಳಿಟ್ಟಿದ್ದೇನೆ, ಶನಿವಾರ ಒಂದು ಗಂಟೆ ವರ್ನಿಯರ್ ಬೇಕು ಅಂತ. ಸಭೆಯಲ್ಲಿ ಮೊದಲು ಎಲ್ಲರ ಕೈ ಅಳೆಯೋಣ. ಆಮೇಲೆ ಬೇಸ್ ಬಗ್ಗೆ ಮಾತಾಡೋಣ.